ಹಳೇ ಮರದ ಬೋಟ್ ನೋಡೋಕೆ ಹೋಗ್ತಿದ್ದೀರಾ, ಒಂದು ಸ್ಕ್ರೂಡ್ರೈವರ್ ಜೇಬಲ್ಲಿ ಇಟ್ಕೊಳ್ಳಿ

ಗೊರೂರು ಡ್ಯಾಮ್ ತುಂಬಿ ಶೆಟ್ಟಿಹಳ್ಳಿ ಚರ್ಚಿನ ಒಳಗೆ ನೀರು ನುಗ್ಗೋ ಹೊತ್ತಿಗೆ ನನಗೆ ಒಂದೇ ಥರದ ಫೋನ್ ಶುರುವಾಗುತ್ತೆ. ಹಿನ್ನೀರಿನ ಪಕ್ಕ ಹೋಮ್‌ಸ್ಟೇ ಮಾಡಿರೋರು, ಇಲ್ಲಾ ಸಕಲೇಶಪುರ ಕಡೆ ತೋಟದವರು, "ಮಂಗ್ಳೂರಲ್ಲಿ ಒಂದು ಹಳೇ ಮರದ ಬೋಟ್ ಇದೆ ಸಾರ್, ಇಂಜಿನ್ ಸಮೇತ ಕೊಡ್ತಾರಂತೆ, ರೇಟ್ ಕಮ್ಮಿ, ತಗೊಳ್ಳೋದಾ?" ಅಂತ. ಜೊತೆಗೆ ಫೋಟೋ. ಫೋಟೋದಲ್ಲಿ ಫಳಫಳ ಅನ್ನೋ ನೀಲಿ ಪೇಂಟ್. ಬೋಟ್ ರಿಪೇರಿ ಮಾಡೋನಿಗೆ ಮೊದಲು ಡೌಟ್ ಬರೋದೇ ಆ ಪೇಂಟ್ ಮೇಲೆ, ಮಾರೋಕೆ ಒಂದು ವಾರ ಮುಂಚೆ ಯಾರೂ ಸುಮ್ನೆ ಪೇಂಟ್ ಹೊಡಿಸಲ್ಲ.

ನಮ್ಮ ಕಡೆಯವರು ತಗೊಳ್ಳೋರು ಬಗ್ಗಿ ಬೋಟಿನ ತಳ ನೋಡ್ತಾರೆ. ನೀರಲ್ಲಿರೋದು ತಳ ತಾನೇ, ಕೊಳೆತಿದ್ರೆ ಅಲ್ಲೇ ಕೊಳೆತಿರಬೇಕು ಅನ್ನೋ ಲೆಕ್ಕ. ಉಲ್ಟಾ. ಮರನ ಕೊಳೆಸೋದು ಬೂಸ್ಟು, ಅದಕ್ಕೆ ತೇವನೂ ಬೇಕು ಗಾಳಿನೂ ಬೇಕು, ಮರದಲ್ಲಿ ತೇವ 20 ಪರ್ಸೆಂಟ್ ದಾಟಿದ್ರೆ ಅದಕ್ಕೆ ಹಬ್ಬ. ಯಾವಾಗಲೂ ಮುಳುಗಿರೋ ಹಲಗೆಲಿ ನೀರು ತುಂಬ್ಕೊಂಡು ಗಾಳಿಗೆ ಜಾಗ ಇರಲ್ಲ, ಮೇಲಾಗಿ ಸಮುದ್ರದ ಉಪ್ಪು ಬೂಸ್ಟಿಗೆ ಆಗಿಬರಲ್ಲ. ಹಿಂದಿನ ಹಡಗಿನವರು ಮರದ ಸಂದಿಗೆ ಕಲ್ಲುಪ್ಪು ತುಂಬಿಸ್ತಿದ್ದಿದ್ದು ಇದಕ್ಕೇನೇ. ಹಾಗಾಗಿ ಹಾಳು ಮಾಡೋದು ಮಳೆ ನೀರು. ಡೆಕ್ಕಿನ ಅಂಚು, ಹಿಂದಿನ ಹಲಗೆಯ ಮೂಲೆ, ಸೀಟಿನ ಕೆಳಗೆ ಗಾಳಿ ಆಡದ ಜಾಗ, ಡೆಕ್ಕಿಗೆ ಕಂಬಿ ಬಿಗಿದಿರೋ ಸ್ಕ್ರೂ ಸುತ್ತ, ಮಳೆ ನೀರು ಎಲ್ಲೆಲ್ಲಿ ನಿಲ್ಲುತ್ತೋ ಅಲ್ಲೆಲ್ಲಾ ನೋಡಿ. ಕರಾವಳಿ ಮಳೆಲಿ ತಾರ್ಪಾಲಿಲ್ಲದೆ ದಡದಲ್ಲಿ ಬಿಟ್ಟಿದ್ದ ಬೋಟಾದ್ರೆ ಎರಡು ಸಲ ನೋಡಿ.

ನೋಡೋದು ಅಂದ್ರೆ ಕಣ್ಣಲ್ಲಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಗೇಣುಗೇಣಿಗೆ ತಟ್ಕೊಂಡು ಹೋಗಿ, ಹಲಸಿನ ಹಣ್ಣು ತಟ್ಟಿ ನೋಡ್ದಂಗೆ. ಗಟ್ಟಿ ಮರ ಟಣ್ ಅನ್ನುತ್ತೆ, ಹೋಗಿರೋ ಮರ ದಬ್ ಅನ್ನುತ್ತೆ. ದಬ್ ಅಂದ ಕಡೆ ತುದಿಯಿಂದ ಮೆಲ್ಲಗೆ ಒತ್ತಿ, ಒಳ್ಳೇ ಸಾಗುವಾನಿ ಆಗ್ಲಿ ಹೆಬ್ಬಲಸು ಆಗ್ಲಿ ಒತ್ತಿದ್ರೆ ಬರೀ ಗುರುತು ಬೀಳುತ್ತೆ, ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ಮಾತಾಡೋಕೆ ಏನಿಲ್ಲ. ಚುಚ್ಚೋ ಮುಂಚೆ ಮಾರೋರನ್ನ ಒಂದು ಮಾತು ಕೇಳಿ, ಮರ್ಯಾದೆ. "ಎಂತ ಬೇಡ ಮಾರಾಯ್ರೆ, ಪೇಂಟ್ ಹಾಳಾಗ್ತದೆ" ಅಂದ್ರೆ ನಿಮಗೆ ಉತ್ತರ ಸಿಕ್ತು, ಘಾಟ್ ಹತ್ತಿ ವಾಪಸ್ ಬನ್ನಿ.

ತಳದಲ್ಲಿ ನೋಡೋದು ಬೇರೆ. ಉಪ್ಪು ನೀರಲ್ಲಿ ಮರ ಕೊರೆಯೋ ಒಂದು ಹುಳ ಇದೆ, ಮರುವಾಯಿ (ಚಿಪ್ಪಿನ ಜೀವಿ) ಜಾತಿದು, ಸಣ್ಣದಿದ್ದಾಗ ಸೂಜಿ ಮೊನೆಯಷ್ಟು ತೂತು ಮಾಡ್ಕೊಂಡು ಒಳಗೆ ಹೋಗಿ ಅಲ್ಲೇ ಬೆಳೆಯುತ್ತೆ, ಹೊರಗಿಂದ ನೋಡಿದ್ರೆ ಬರೀ ಚುಕ್ಕಿ, ಒಳಗೆ ಬೆರಳು ಹೋಗೋಷ್ಟು ಸುರಂಗ, ಸುರಂಗಕ್ಕೆ ಬಿಳೀ ಸುಣ್ಣದ ಲೇಪ. ಗೊರೂರಿನ ಹೇಮಾವತಿ ಸಿಹಿ ನೀರಿಗೆ ತಂದ್ರೆ ಹುಳ ಸಾಯುತ್ತೆ ನಿಜ, ಆದ್ರೆ ಕೊರೆದಿದ್ದು ವಾಪಸ್ ಬರಲ್ವಲ್ಲ.

ಇನ್ನು ಮೊಳೆ. ಮರ ಚೆನ್ನಾಗಿದ್ದು ಮೊಳೆ ಹೋಗಿರೋ ಬೋಟು ಜಾಸ್ತಿ ಮೋಸ ಮಾಡುತ್ತೆ, ಯಾಕಂದ್ರೆ ಕಾಣಲ್ಲ. ಹಲಗೆ ಮೇಲೆ ಸಾಲಾಗಿ ತುಕ್ಕಿನ ಕಣ್ಣೀರು ಇಳಿದಿದ್ರೆ ಕಬ್ಬಿಣದ ಮೊಳೆ ಕರಗ್ತಿದೆ ಅಂತ. ಹಿತ್ತಾಳೆ ಸ್ಕ್ರೂ ಆದ್ರೆ ಇನ್ನೂ ಕಷ್ಟ, ಉಪ್ಪು ನೀರು ಅದರೊಳಗಿನ ಸತುವನ್ನ ತಿಂದು ಹಾಕುತ್ತೆ, ನೋಡೋಕೆ ಸ್ಕ್ರೂ ಇದ್ದಂಗೇ ಇರುತ್ತೆ, ಬಣ್ಣ ಮಾತ್ರ ಗುಲಾಬಿ ತಿರುಗಿರುತ್ತೆ, ತಿರುಗಿಸಿದ್ರೆ ತಲೆ ಕಿತ್ಕೊಂಡು ಬರುತ್ತೆ. ತಾಮ್ರದ ರಿವೆಟ್ ಪಕ್ಕದಲ್ಲೇ ಯಾರೋ ರಿಪೇರಿಗೆ ಕಬ್ಬಿಣದ ಮೊಳೆ ಹೊಡೆದಿದ್ರೆ ಆ ಕಬ್ಬಿಣ ಬೇಗ ಹೋಗುತ್ತೆ, ಎರಡು ಲೋಹ ಉಪ್ಪು ನೀರಲ್ಲಿ ಸೇರಿದ್ರೆ ಹಂಗೇ. ಮುಂದೆ, ನಡುವೆ, ಹಿಂದೆ ಒಂದೊಂದು ಸ್ಕ್ರೂ ಬಿಚ್ಚಿಸಿ ನೋಡೋಕೆ ಒಪ್ಪಿಸಿ. ಎಲ್ಲಾ ಹಲಗೆಗೂ ಹೊಸ ಮೊಳೆ ಹೊಡೆಸೋ ಕೂಲಿ ಬೋಟಿನ ರೇಟನ್ನೇ ಮೀರಿಸಬಹುದು.

ಹಳೇ ಮರದ ಮೇಲೆ ಫೈಬರ್ ಹೊದಿಸಿ "ಇನ್ನು ಲೈಫ್‌ಟೈಮ್ ಯೋಚನೆ ಇಲ್ಲ" ಅಂತ ಮಾರೋದನ್ನೂ ನೋಡಿದ್ದೀನಿ. ಹೊಸ ಒಣ ಮರಕ್ಕೆ ಸರಿಯಾಗಿ ಮಾಡಿದ್ರೆ ಅದು ಒಳ್ಳೇದೇ. ಒದ್ದೆ ಹಳೇ ಮರಕ್ಕೆ ಹೊದಿಸಿದ್ರೆ ತೇವ ಒಳಗೇ ಸಿಕ್ಕಾಕೊಂಡು ಮರ ಕೊಳೆಯುತ್ತೆ, ಮೇಲೆ ಫೈಬರ್ ಮಾತ್ರ ನಗ್ತಾ ಇರುತ್ತೆ. ನಾನಂತೂ ಅಂಥದನ್ನ ಯಾರಿಗೂ ತಗೊಳ್ಳಿ ಅನ್ನಲ್ಲ.

ತಳದ ಉದ್ದದ ತೊಲೆಗೆ ಮುಂದಿಂದ ಹಿಂದಕ್ಕೆ ಒಂದು ದಾರ ಎಳೆದು ಹಿಡೀರಿ. ನೆಟ್ಟಗಿರಬೇಕಾದ ತೊಲೆ ನಡುವೆ ಉಬ್ಬಿ ಎರಡೂ ತುದಿ ಜೋತಿದ್ರೆ ಬೋಟಿಗೆ ವಯಸ್ಸಾಗಿದೆ ಅಂತ. ಸ್ವಲ್ಪ ಆದ್ರೆ ನಿಧಾನ ಓಡಾಟಕ್ಕೆ ಪರವಾಗಿಲ್ಲ, ತೊಲೆಯೇ ಕೊಳೆತಿದ್ರೆ ಮಾತ್ರ ಪುಕ್ಕಟೆ ಕೊಟ್ರೂ ಬೇಡ.

ನೀರಿಗೆ ಇಳಿಸಿದ ತಕ್ಷಣ ಸೋರ್ತು ಅಂತ ಗಾಬರಿ ಆಗಬೇಡಿ. ತಿಂಗಳುಗಟ್ಟಲೆ ಬಿಸಿಲಲ್ಲಿದ್ದ ಹಲಗೆ ಕುಗ್ಗಿ ಸಂದಿ ಬಿಟ್ಟಿರುತ್ತೆ, ನೀರು ಕುಡಿದು ಉಬ್ಬಿದ ಮೇಲೆ ತಾನಾಗೇ ಮುಚ್ಕೊಳ್ಳುತ್ತೆ, ಎರಡು ಮೂರು ದಿನ ಬೇಕು. ಅಷ್ಟಾದ್ರೂ ಪಂಪ್ ನಿಲ್ಲಿಸೋಕೆ ಆಗ್ತಿಲ್ಲ ಅಂದ್ರೆ ಸಂದಿಗೆ ತುಂಬಿರೋ ಹತ್ತಿಯ ಬತ್ತಿ ಹಾಳಾಗಿದೆ, ಇಲ್ಲಾ ಮೊಳೆ ಸಡಿಲ.

ಇಂಜಿನ್ ವಿಷಯ ಬೇಗ ಮುಗಿಸ್ತೀನಿ, ಅದನ್ನ ಹಾಸನದ ಯಾವುದೇ ಒಳ್ಳೇ ಮೆಕ್ಯಾನಿಕ್ ಅರ್ಧ ದಿನದಲ್ಲಿ ಹೇಳ್ತಾನೆ. ನೀವು ಹೋಗೋ ಮುಂಚೆ ಇಂಜಿನ್ ಬಿಸಿ ಮಾಡಿ ಇಟ್ಟಿದ್ದಾರಾ ಅಂತ ಮುಟ್ಟಿ ನೋಡಿ, ತಣ್ಣಗಿದ್ದಾಗ ಸ್ಟಾರ್ಟ್ ಆಗೋದೇ ಪರೀಕ್ಷೆ. ಕೆಳಗಿನ ಗೇರ್ ಆಯಿಲ್ ಹಾಲಿನ ಬಣ್ಣ ಇದ್ರೆ ಸೀಲ್ ಹೋಗಿ ನೀರು ಸೇರಿದೆ. ಔಟ್‌ಬೋರ್ಡ್ (ಬೋಟಿನ ಹಿಂದಿನ ಹಲಗೆಗೆ ಹೊರಗಿಂದ ತಗುಲಿಸೋ ಇಂಜಿನ್) ಆದ್ರೆ ಅದರ ಕಾಲು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಿಂದಿನ ಹಲಗೆ ಜೊತೆಗೇ ಬಾಗಿದ್ರೆ ಅಲ್ಲಿ ಮರ ಹೋಗಿದೆ. ಮೀನುಗಾರರ ಔಟ್‌ಬೋರ್ಡ್ ಎಷ್ಟೋ ಸೀಮೆಎಣ್ಣೆಲಿ ಓಡೋವು, ಇಲ್ಲಿ ಸೀಮೆಎಣ್ಣೆ ಎಲ್ಲಿಂದ ತರ್ತೀರಾ, ಮೊದಲೇ ಕೇಳ್ಕೊಳ್ಳಿ. ಇನ್ನೊಂದು, ಗೊರೂರು ಜಲಾಶಯದ ಪೂರ್ಣ ಮಟ್ಟ 2922 ಅಡಿ, ಅಷ್ಟು ಎತ್ತರದ ತೆಳು ಗಾಳಿಲಿ ಇಂಜಿನ್ ಪವರ್ ಹತ್ತರಲ್ಲಿ ಒಂದು ಪಾಲು ಹತ್ರ ಹತ್ರ ಕಮ್ಮಿ ಆಗುತ್ತೆ, ಸಿಹಿ ನೀರಲ್ಲಿ ಬೋಟ್ ಕೂರೋದೂ ಒಂಚೂರು ಆಳಕ್ಕೆ. ಮಂಗ್ಳೂರಲ್ಲಿ ಹಾರ್ತಿದ್ದ ಬೋಟ್ ಇಲ್ಲಿ ತೆವಳ್ತಿದೆ ಅಂತ ಬೇಜಾರಾಗೋ ಬದಲು ಪಿಚ್ (ಒಂದು ಸುತ್ತಿಗೆ ಮುಂದೆ ಹೋಗೋ ದೂರ) ಕಮ್ಮಿ ಇರೋ ಪ್ರೊಪೆಲ್ಲರ್ ಹಾಕಿಸಿ ನೋಡಿ.

ಕಾಗದ ನೋಡದೆ ಅಡ್ವಾನ್ಸ್ ಕೊಡಬೇಡಿ. ಒಳನಾಡು ನೀರಲ್ಲಿ ಇಂಜಿನ್ ಬೋಟ್ ಓಡಿಸೋಕೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಸರ್ವೆನೂ ರಿಜಿಸ್ಟ್ರೇಶನ್ನೂ ಆಗಬೇಕು, ಮೀನು ಹಿಡಿಯೋಕೆ ಅಂತ ಮಾಡಿಸಿದ ಕಾಗದ ಇಟ್ಕೊಂಡು ಗೆಸ್ಟ್‌ಗಳನ್ನ ಕೂರಿಸೋಕೆ ಆಗಲ್ಲ. ಡ್ಯಾಮಿನ ನೀರಿಗೆ ನೀರಾವರಿಯವರ ಪರ್ಮಿಷನ್ ಬೇರೆ. ಲಕ್ಕವಳ್ಳಿ ಹಿನ್ನೀರಾದ್ರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇರೋದ್ರಿಂದ ಫಾರೆಸ್ಟ್‌ನವರನ್ನ ಮೊದಲು ಕೇಳಿ, ಬೋಟ್ ಆಮೇಲೆ.

ಬೋಟಿನ ರೇಟ್ ಜೊತೆ ಒಂದು ಶೆಡ್ಡಿನ ಖರ್ಚೂ ಸೇರಿಸ್ಕೊಳ್ಳಿ. ಏಪ್ರಿಲ್ ಮೇನಲ್ಲಿ ಹಿನ್ನೀರು ದೂರ ಸರಿದು ಬೋಟ್ ಒಣ ನೆಲದ ಮೇಲೆ ಕೂತಿರುತ್ತೆ, ಬಿಸಿಲಿಗೆ ಬಿಟ್ರೆ ಹಲಗೆ ಸೀಳುತ್ತೆ. ನೆರಳು ಮಾಡಿ, ಗಾಳಿ ಆಡೋಕೆ ಜಾಗ ಬಿಟ್ಟು, ತಳಕ್ಕೆ ಒದ್ದೆ ಗೋಣಿಚೀಲ ಹೊದಿಸಬೇಕು, ಮಳೆ ಶುರುವಾದ ಮೇಲೆ ಅದೇ ಶೆಡ್ಡು ಡೆಕ್ಕಿನ ಮೇಲೆ ನೀರು ನಿಲ್ಲದಂಗೆ ಕಾಯುತ್ತೆ.