ಸುಲ್ತಾನ ಹೋದ, ಅವನ ಜಮೀನು ಕಾನೂನು ಹೋಗ್ಲಿಲ್ಲ

ವೆಸ್ಟ್ ಬ್ಯಾಂಕ್ (ಪ್ಯಾಲೆಸ್ಟೀನಿಯರು ಇರೋ, 1967ರಿಂದ ಇಸ್ರೇಲ್ ಹಿಡಿತದಲ್ಲಿರೋ ಪ್ರದೇಶ) ಸುದ್ದಿ ಬಂದಾಗೆಲ್ಲ ಟಿವೀಲಿ ಕಾಣೋದು ಬುಲ್ಡೋಜರ್, ಕಲ್ಲು ತೂರಾಟ, ಗನ್ ಹಿಡ್ಕೊಂಡ ಸೈನಿಕರು. ಸಾವಿರಾರು ವರ್ಷದ ಧರ್ಮದ ಜಗಳ ಅಂದ್ಬಿಟ್ಟು ಆಂಕರ್ ಮುಂದಿನ ಸುದ್ದಿಗೆ ಹೋಗ್ತಾರೆ. ಆದ್ರೆ ಅಲ್ಲಿ ಒಂದೊಂದು ಗುಡ್ಡ ಹೆಂಗೆ ಕೈ ಬದಲಾಯ್ತು ಅಂತ ಕೆದಕ್ತಾ ಹೋದ್ರೆ ಕೊನೆಗೆ ಕೈಗೆ ಸಿಗೋದು ಧೂಳು ಹಿಡಿದ ಕಂದಾಯ ಫೈಲು, ಅದೂ 1858ನೇ ಇಸವೀದು.

ಆಗ ಪ್ಯಾಲೆಸ್ಟೈನ್ ಆಟೊಮನ್ ತುರ್ಕರ ಕೈಲಿತ್ತು. ಇಸ್ತಾಂಬುಲ್‌ನೋರು ಆ ವರ್ಷ ಲ್ಯಾಂಡ್ ಕೋಡ್ ತಂದು ಜಮೀನನ್ನ ತರಾವರಿ ವಿಂಗಡಿಸಿದ್ರು. ಮನೆ, ಹಿತ್ತಲು ಇಂಥದ್ದೆಲ್ಲ ಮುಲ್ಕ್, ಪೂರ್ತಿ ಸ್ವಂತದ್ದು. ವಕ್ಫ್ ಅನ್ನೋದು ನಮಗೂ ಗೊತ್ತಿರೋ ಪದಾನೇ. ಊರ ಸುತ್ತ ಉಳೋ ಹೊಲ ಹೆಚ್ಚುಕಮ್ಮಿ ಎಲ್ಲಾ 'ಮೀರಿ' ಅನ್ನೋ ವಿಂಗಡಣೆಗೆ ಸೇರಿದ್ದು, ಅಂದ್ರೆ ಒಡೆತನ ಸುಲ್ತಾನಂದು, ಉಳೋ ಹಕ್ಕು ರೈತಂದು. ಹತ್ತು ವರ್ಷ ತಕರಾರಿಲ್ದೆ ಉತ್ಕೊಂಡು ಬಂದ್ರೆ ಹಕ್ಕು ಗಟ್ಟಿ, ಸರಿಯಾದ ಕಾರಣ ಇಲ್ದೆ ಮೂರು ವರ್ಷ ಬೀಳು ಬಿಟ್ರೆ ಸರ್ಕಾರಕ್ಕೆ ವಾಪಸ್. ಇನ್ನೊಂದು ಮವಾತ್, ಸತ್ತ ಭೂಮಿ ಅಂತ ಅರ್ಥ, ಊರಂಚಲ್ಲಿ ನಿಂತು ಗಟ್ಟಿ ಗಂಟಲಿನೋನು ಕೂಗಿದ್ರೂ ಕೇಳಿಸದಷ್ಟು ದೂರದ್ದು. ತಮಾಷೆ ಅಲ್ಲ, ಕಾನೂನಲ್ಲಿ ಹಂಗೇ ಇದೆ.

ಸುಲ್ತಾನಂಗೆ ಬೇಕಾಗಿದ್ದು ಕಂದಾಯ. ರೈತರಿಗೆ ಹೆದರಿಕೆ ಇದ್ದಿದ್ದೂ ಅದಕ್ಕೇನೆ, ಹೆಸರು ಬರೆಸಿದ್ರೆ ತೆರಿಗೆ ಬೀಳುತ್ತೆ, ಮಗನ್ನ ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರೆ ಅಂತ. ಹಂಗಾಗಿ ಎಷ್ಟೋ ಜನ ಬರೆಸಲೇ ಇಲ್ಲ, ಎಷ್ಟೋ ಕಡೆ ಜಮೀನು ಪೇಟೆಯ ಸಾಹುಕಾರ್ರ ಹೆಸರಿಗೆ ಹೋಯ್ತು. ಬೈರೂತ್‌ನ ಸುರ್ಸೋಕ್ ಮನೆತನ ಉತ್ತರ ಪ್ಯಾಲೆಸ್ಟೈನಿನ ಮರ್ಜ್ ಇಬ್ನ್ ಆಮಿರ್ ಬಯಲಲ್ಲಿ ಹಂಗೆ ಸೇರಿಸಿಕೊಂಡಿದ್ದ ಜಮೀನನ್ನ 1920ರ ದಶಕದಲ್ಲಿ ಯಹೂದಿ ಸಂಸ್ಥೆಗಳಿಗೆ ಮಾರಿದ್ರು. ಕಾಗದದ ಪ್ರಕಾರ ಚೊಕ್ಕ ವ್ಯಾಪಾರ. ಉಳ್ತಿದ್ದ ಗೇಣಿದಾರರು ಮಾತ್ರ ಜಾಗ ಖಾಲಿ ಮಾಡ್ಬೇಕಾಯ್ತು.

ಮೊದಲ ಮಹಾಯುದ್ಧ ಆದ್ಮೇಲೆ ತುರ್ಕರ ಜಾಗಕ್ಕೆ ಬಂದ ಬ್ರಿಟಿಷರು 1928ರಲ್ಲಿ ಸರ್ವೆ ಮಾಡಿ ಒಡೆತನ ಇತ್ಯರ್ಥ ಮಾಡೋ ಕೆಲಸ ಶುರು ಮಾಡಿದ್ರು, 1948ರ ಯುದ್ಧದಲ್ಲಿ ವೆಸ್ಟ್ ಬ್ಯಾಂಕ್ ಜೋರ್ಡನ್ ಕೈಗೆ ಹೋದ್ಮೇಲೆ ಅದು ಮುಂದುವರಿಸ್ತು. 1967ರ ಯುದ್ಧದಲ್ಲಿ ಇಸ್ರೇಲ್ ವೆಸ್ಟ್ ಬ್ಯಾಂಕ್ ಹಿಡಿಯೋ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗ ಅಷ್ಟೇ ಮುಗಿದಿತ್ತು. 1968ರ ಡಿಸೆಂಬರಲ್ಲಿ ಮಿಲಿಟರಿ ಆರ್ಡರ್ 291 ಬಂತು, ನೋಂದಣಿ ಸ್ಟಾಪ್. ಊರಲ್ಲಿ ಇಲ್ಲದ ಮಾಲೀಕರ ಹಕ್ಕಿಗೆ ಧಕ್ಕೆ ಆಗ್ಬಾರ್ದು ಅಂತ ಕಾರಣ ಕೊಟ್ರು. ನನ್ನ ಕೇಳಿದ್ರೆ ಇಡೀ ಕಥೇಲಿ ಸದ್ದಿಲ್ದೆ ಆದ ದೊಡ್ಡ ಕೆಲಸ ಇದೇ. ಉಳಿದ ರೈತರ ಹತ್ರ ತೆರಿಗೆ ರಸೀದಿ ಇತ್ತು, ಹಳೇ ಕ್ರಯಪತ್ರ ಇತ್ತು, ಇದು ನಮ್ಮಜ್ಜ ಕಟ್ಟಿದ ಕಲ್ಲುಬದು ಅಂತ ತೋರಿಸೋಕೆ ಬದೂ ಇತ್ತು, ಆದ್ರೆ ಪಕ್ಕಾ ಟೈಟಲ್ ಇರ್ಲಿಲ್ಲ, ಇನ್ಮೇಲೆ ಮಾಡಿಸ್ಕೊಳ್ಳೋ ದಾರೀನೂ ಹೆಚ್ಚುಕಮ್ಮಿ ಮುಚ್ಚಿತು.

ವೆಸ್ಟ್ ಬ್ಯಾಂಕಲ್ಲಿ ಮೊದಲ ಸೆಟ್ಲ್‌ಮೆಂಟ್ (ಹಿಡಿದ ನೆಲದಲ್ಲಿ ಇಸ್ರೇಲಿಗರು ಕಟ್ಟೋ ಊರು) ಕ್ಫಾರ್ ಎಟ್ಜಿಯೋನ್, ಸೆಪ್ಟೆಂಬರ್ 1967. ಅಲ್ಲಿ 1948ಕ್ಕೂ ಮುಂಚೆ ಯಹೂದಿಗಳು ದುಡ್ಡು ಕೊಟ್ಟು ಕೊಂಡ ಜಮೀನೇ ಇತ್ತು, 1948ರ ಮೇ ತಿಂಗಳಲ್ಲಿ ಆ ಊರು ನಾಶ ಆಗಿ ಬಹಳ ಜನ ಸತ್ತಿದ್ರು, ಬದುಕುಳಿದ ಮಕ್ಕಳು ದೊಡ್ಡವರಾಗಿ ವಾಪಸ್ ಬಂದಿದ್ದು. ಇದನ್ನ ಬಿಟ್ಟು ಹೇಳಿದ್ರೆ ಕಥೆ ಅರ್ಧ ಆಗುತ್ತೆ. 1967ರ ಅದೇ ಸೆಪ್ಟೆಂಬರಲ್ಲಿ ಇಸ್ರೇಲ್ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಥಿಯೊಡೊರ್ ಮೆರೋನ್, ಗೆದ್ದ ಪ್ರದೇಶದಲ್ಲಿ ನಮ್ಮ ಜನರನ್ನ ನೆಲೆ ಮಾಡಿಸೋದು ಯುದ್ಧಕಾಲದಲ್ಲಿ ನಾಗರಿಕರನ್ನ ಕಾಪಾಡೋ ನಾಲ್ಕನೇ ಜಿನೀವಾ ಒಪ್ಪಂದಕ್ಕೆ ವಿರುದ್ಧ ಅಂತ ರಹಸ್ಯ ಟಿಪ್ಪಣಿ ಬರ್ದಿದ್ರು. (ಇವರೇ ಆಮೇಲೆ ಯುಗೊಸ್ಲಾವಿಯಾ ಯುದ್ಧಾಪರಾಧಗಳ ಅಂತಾರಾಷ್ಟ್ರೀಯ ಕೋರ್ಟಿನ ಅಧ್ಯಕ್ಷರಾದ್ರು.) ಇಸ್ರೇಲ್ ಸರ್ಕಾರದ ವಾದ ಬೇರೆ, ಇದು ವಿವಾದಿತ ಪ್ರದೇಶ, ಆ ಒಪ್ಪಂದ ಇಲ್ಲಿಗೆ ಅನ್ವಯ ಆಗಲ್ಲ ಅಂತ.

ಶುರುವಿನ ವರ್ಷಗಳಲ್ಲಿ ಸೈನ್ಯಕ್ಕೆ ಬೇಕು, ಭದ್ರತೆಗೆ ಬೇಕು ಅಂತ ಖಾಸಗಿ ಜಮೀನನ್ನೇ ವಶಕ್ಕೆ ತಗೊಂಡು ಅದರ ಮೇಲೆ ಸೆಟ್ಲ್‌ಮೆಂಟ್ ಕಟ್ತಿದ್ರು. ಆ ದಾರಿ ಕೆಟ್ಟಿದ್ದು ನಾಬ್ಲುಸ್ ಹತ್ರದ ರುಜೈಬ್ ಅನ್ನೋ ಊರಿಂದ. 1979ರ ಜೂನಲ್ಲಿ ಆ ಊರಿನವರ ಸುಮಾರು 700 ದೂನಂ ಜಮೀನಿಗೆ ಆರ್ಡರ್ ಬಂತು (ಒಂದು ದೂನಂ ಅಂದ್ರೆ ನಮ್ಮ ಹತ್ತು ಗುಂಟೆ ಅಂತ ಇಟ್ಕೊಳ್ಳಿ), ಎರಡೇ ದಿನದಲ್ಲಿ ಹೆಲಿಕಾಪ್ಟರ್, ದೊಡ್ಡ ದೊಡ್ಡ ಯಂತ್ರ ಎಲ್ಲಾ ಬಂದು ಎಲೋನ್ ಮೊರೆ ಸೆಟ್ಲ್‌ಮೆಂಟ್ ಕೆಲಸ ಶುರು. ಊರಿನವರು ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋದ್ರು. ಸೇನಾ ಮುಖ್ಯಸ್ಥ ರಫಾಯೆಲ್ ಈಟಾನ್ ಭದ್ರತೆಗೆ ಬೇಕೇ ಬೇಕು ಅಂದ್ರು, ಮಾಜಿ ಮುಖ್ಯಸ್ಥ ಹೈಮ್ ಬಾರ್ ಲೇವ್ ಏನೂ ಬೇಕಾಗಿಲ್ಲ ಅಂತ ಅಫಿಡವಿಟ್ ಹಾಕಿದ್ರು. ಕೇಸು ಕೆಡಿಸಿದ್ದು ಮಾತ್ರ ಸೆಟ್ಲರ್‌ಗಳೇ, ಗುಷ್ ಎಮುನಿಮ್ ಅನ್ನೋ ಅವರ ಧಾರ್ಮಿಕ ಸಂಘಟನೆ ಕಡೆಯವರು ಕೋರ್ಟಿಗೆ ಬಂದು, ಭದ್ರತೆ ಇರಲಿ ಬಿಡ್ಲಿ, ದೇವರು ಕೊಟ್ಟ ನೆಲ ಅಂತ ನಾವಿಲ್ಲಿಗೆ ಬಂದಿದೀವಿ ಅಂದ್ಬಿಟ್ರು! ಸರ್ಕಾರಿ ವಕೀಲರ ಮುಖ ಹೆಂಗಾಗಿರಬೇಡ. ಅಕ್ಟೋಬರಲ್ಲಿ ಕೋರ್ಟು ಆರ್ಡರ್ ರದ್ದು ಮಾಡ್ತು, ಸೆಟ್ಲ್‌ಮೆಂಟ್ ಬೇರೆ ಗುಡ್ಡಕ್ಕೆ ಹೋಯ್ತು.

ರೈತರು ಗೆದ್ರು. ಆದ್ರೆ ಸರ್ಕಾರಕ್ಕೂ ಒಂದು ಪಾಠ ಸಿಕ್ತು: ಖಾಸಗಿ ಜಮೀನು ಮುಟ್ಟಿದ್ರೆ ತಾನೇ ಕೋರ್ಟು, ಸರ್ಕಾರಿ ಜಮೀನು ಅಂತಾಗ್ಬಿಟ್ರೆ? ಆಗ 1858ರ ಕೋಡ್ ಹೊರಗೆ ಬಂತು. ಅಟಾರ್ನಿ ಆಫೀಸಿನ ಪ್ಲಿಯಾ ಆಲ್ಬೆಕ್ ಅನ್ನೋ ವಕೀಲೆ ವಿಮಾನದಿಂದ ತೆಗ್ದ ಫೋಟೋ ಇಟ್ಕೊಂಡು, ಹೆಲಿಕಾಪ್ಟರಲ್ಲೂ ಸುತ್ತಿ, ಉತ್ತಿದ್ಯಾವುದು ಬೀಳು ಬಿದ್ದಿದ್ಯಾವುದು ಅಂತ ಗುಡ್ಡ ಗುಡ್ಡ ನೋಡಿ ಗುರುತು ಹಾಕಿದ್ರು. ಬೀಳಿದ್ದದ್ದು ಸರ್ಕಾರದ್ದು. ತಕರಾರಿದ್ರೆ 45 ದಿನದೊಳಗೆ ಮಿಲಿಟರಿ ಕಮಿಟಿ ಮುಂದೆ ಹೋಗಿ ನೀವೇ ಸಾಬೀತು ಮಾಡಿ.

ಆ ಕಡೆ ಗುಡ್ಡ ಹೆಂಗಿರುತ್ತೆ ಅಂದ್ರೆ ಬರೀ ಸುಣ್ಣಕಲ್ಲು ಬಂಡೆ, ಬಂಡೆ ಮಧ್ಯ ಒಂದು ಬೊಗಸೆ ಮಣ್ಣು, ಅಲ್ಲೊಂದು ಆಲಿವ್ ಮರ, ಇಲ್ಲೊಂದು ಸಾಲು ಗೋಧಿ. ರೈತ ಸಿಕ್ಕಷ್ಟು ಮಣ್ಣು ಉಳ್ತಾನೆ, ಬಂಡೆ ಏನು ಉಳೋಕಾಗುತ್ತಾ? ಆದ್ರೆ ಲೆಕ್ಕ ಏನು ಅಂದ್ರೆ ತುಂಡು ಜಮೀನಲ್ಲಿ ಅರ್ಧಕ್ಕಿಂತ ಕಮ್ಮಿ ಉತ್ತಿದ್ರೆ ಉತ್ತೇ ಇಲ್ಲ ಅಂತ. ಹಿಂಗೆ 9 ಲಕ್ಷಕ್ಕೂ ಹೆಚ್ಚು ದೂನಂ ಸ್ಟೇಟ್ ಲ್ಯಾಂಡ್ ಆಯ್ತು, ಬಹುಪಾಲು 1980ರ ದಶಕದಲ್ಲೇ. ಸರ್ಕಾರಿ ಜಮೀನು ಅಂದ್ರೆ ಸರಿ, ಯಾರಿಗೆ ಕೊಟ್ರು? 2018ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಂದ ಲೆಕ್ಕದ ಪ್ರಕಾರ, ಹಂಚಿಕೆ ಆಗಿದ್ರಲ್ಲಿ ಪ್ಯಾಲೆಸ್ಟೀನಿಯರಿಗೆ ಸಿಕ್ಕಿದ್ದು ಶೇ. 0.24.

ಪೂರ್ವ ಜೆರುಸಲೇಮಲ್ಲಿ ಆಟ ಬೇರೆ. 1948ಕ್ಕೆ ಮುಂಚೆ ಯಹೂದಿಗಳದ್ದಾಗಿದ್ದ ಆಸ್ತಿ ವಾಪಸ್ ಕೇಳೋಕೆ 1970ರ ಕಾಯ್ದೆ ದಾರಿ ಕೊಡುತ್ತೆ, 1948ರ ಯುದ್ಧದಲ್ಲಿ ಪಶ್ಚಿಮ ಜೆರುಸಲೇಮಲ್ಲಿ ಮನೆ ಕಳ್ಕೊಂಡ ಪ್ಯಾಲೆಸ್ಟೀನಿಯರಿಗೆ ಅಂಥಾ ದಾರಿ ಇಲ್ಲ. ಅಲ್ಲಿನ ಶೇಖ್ ಜರ್ರಾಹ್ ಬಡಾವಣೇಲಿ ಪ್ಯಾಲೆಸ್ಟೀನಿಯರನ್ನ ಮನೆ ಬಿಡಿಸೋ ಗಲಾಟೆ ಇದರದ್ದೇ.

1990ರ ದಶಕದಲ್ಲಿ ಇಸ್ರೇಲ್, ಪ್ಯಾಲೆಸ್ಟೀನಿಯರ ಮಧ್ಯ ಓಸ್ಲೋ ಒಪ್ಪಂದ ಆದ್ಮೇಲೆ ವೆಸ್ಟ್ ಬ್ಯಾಂಕಿನ ಸುಮಾರು ಶೇ. 60 ಏರಿಯಾ ಸಿ ಅಂತಾಗಿ ಪೂರ್ತಿ ಇಸ್ರೇಲ್ ಹಿಡಿತದಲ್ಲೇ ಉಳೀತು. ಸರ್ಕಾರದ ಪರ್ಮಿಷನ್ನೂ ಇಲ್ದೆ ಔಟ್‌ಪೋಸ್ಟ್‌ಗಳು, ಅಂದ್ರೆ ಸಣ್ಣ ಸೆಟ್ಲ್‌ಮೆಂಟ್‌ಗಳು ಎದ್ವು, ಖಾಸಗಿ ಜಮೀನಿನ ಮೇಲಿದ್ದವನ್ನೂ ಸಕ್ರಮ ಮಾಡೋಕೆ 2017ರಲ್ಲಿ ಕಾಯ್ದೆ ತಂದ್ರು, 2020ರಲ್ಲಿ ಅವರದ್ದೇ ಸುಪ್ರೀಂ ಕೋರ್ಟು ಹೊಡೆದು ಹಾಕ್ತು. 2024ರ ಜುಲೈನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಸೆಟ್ಲ್‌ಮೆಂಟು, ಇಸ್ರೇಲ್ ಆ ಪ್ರದೇಶನ ಇನ್ನೂ ಹಿಡ್ಕೊಂಡಿರೋದು ಎರಡೂ ಕಾನೂನುಬಾಹಿರ ಅಂತ ಅಭಿಪ್ರಾಯ ಕೊಡ್ತು, ಇಸ್ರೇಲ್ ಒಪ್ಪಲಿಲ್ಲ.

2025ರ ಮೇನಲ್ಲಿ ಇಸ್ರೇಲ್ ಭದ್ರತಾ ಸಂಪುಟ 1968ರಲ್ಲಿ ನಿಲ್ಲಿಸಿದ್ದ ನೋಂದಣೀನ ಏರಿಯಾ ಸಿ ಒಳಗೆ ಮತ್ತೆ ಶುರು ಮಾಡೋಕೆ ತೀರ್ಮಾನ ಮಾಡ್ತು. ಐವತ್ತೇಳು ವರ್ಷ ಬಾಗಿಲು ಹಾಕಿದ್ದ ಆಫೀಸು ತೆರೆಯೋದು ರೈತನಿಗೆ ಒಳ್ಳೇ ಸುದ್ದಿ ಆಗ್ಬೇಕಿತ್ತು. ಆದ್ರೆ ಅಜ್ಜನ ಕಾಲದ ತೆರಿಗೆ ರಸೀದಿ ಹುಡುಕಿ ತಂದು ಕೌಂಟರ್ ಮುಂದೆ ನಿಲ್ಬೇಕಾದವನು ಅವನು, ಕೌಂಟರ್ ಆಚೆ ಕೂತಿರೋರೇ ಆ ಜಮೀನು ಕೇಳ್ತಿರೋ ಇನ್ನೊಂದು ಪಾರ್ಟಿ.