ಔಷಧಿ ಅತ್ತರಾದ ಕಥೆ

ಕೊಲೋನ್ ಎಂದರೆ ಈಗ ಮೈಗೆ ಹಚ್ಚಿಕೊಳ್ಳುವ ಪರಿಮಳ. ಹದಿನೆಂಟನೇ ಶತಮಾನದಲ್ಲಿ ಜನ ಅದನ್ನು ಔಷಧಿ ಎಂದು ಕುಡಿಯುತ್ತಲೂ ಇದ್ದರು. ಜರ್ಮನಿಯ ಕೊಲೋನ್ ನಗರದಲ್ಲಿ 1709ರಲ್ಲಿ ಅಂಗಡಿ ತೆರೆದ ಫರೀನಾ ಕುಟುಂಬ ಇದನ್ನು ಪ್ರಸಿದ್ಧಿಗೆ ತಂದಿತು. ನಿಂಬೆ, ಕಿತ್ತಳೆ, ಅದೇ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆಗಳನ್ನು ಆಲ್ಕೋಹಾಲ್‌ನಲ್ಲಿ ಬೆರೆಸಿದ ನೀರು ಅದು. 1810ರಲ್ಲಿ, ಆಗ ಆ ನಗರವನ್ನೂ ಆಳುತ್ತಿದ್ದ ಫ್ರಾನ್ಸಿನ ನೆಪೋಲಿಯನ್ ಒಂದು ಆಜ್ಞೆ ಹೊರಡಿಸಿದ. ಗುಟ್ಟಿನ ಔಷಧಿ ಮಾರುವವರು ಅದರಲ್ಲಿ ಏನೇನಿದೆ ಎಂದು ಸರ್ಕಾರಕ್ಕೆ ಹೇಳಬೇಕು. ಗುಟ್ಟು ಬಿಟ್ಟುಕೊಡಲು ತಯಾರಕರಿಗೆ ಇಷ್ಟವಿರಲಿಲ್ಲ. ಇದು ಔಷಧಿಯೇ ಅಲ್ಲ, ಸುಮ್ನೆ ಸುಗಂಧದ ನೀರು ಅಂದುಬಿಟ್ಟರು! ಬಾಟಲಿಯೊಳಗಿದ್ದದ್ದು ಅದೇ, ಬದಲಾದದ್ದು ಲೇಬಲ್.

ಅದಕ್ಕೂ ಮುಂಚೆ ಯುರೋಪಿನಲ್ಲಿ ಈ ಭೇದ ಅಷ್ಟಾಗಿ ಇರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ನಂಬಿದವರಿಗೆ ಒಳ್ಳೆಯ ವಾಸನೆಯೇ ಮದ್ದು, ಅಲ್ವಾ? ಹದಿನೇಳನೇ ಶತಮಾನದ ಪ್ಲೇಗ್ ವೈದ್ಯರು ಕೊಕ್ಕಿನ ಮುಖವಾಡದೊಳಗೆ ಪರಿಮಳದ ಸೊಪ್ಪು ತುಂಬಿಕೊಳ್ಳುತ್ತಿದ್ದರು. ಆದರೆ ಪ್ಲೇಗ್ ಹರಡುತ್ತಿದ್ದದ್ದು ಮುಖ್ಯವಾಗಿ ಚಿಗಟಗಳಿಂದ.

ನಿಜವಾದ ತಿರುವು ಬಂದದ್ದು ರಸಾಯನಶಾಸ್ತ್ರದಿಂದ. ಗಿಡದ ಸುಗಂಧ ತೈಲದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ವಸ್ತುಗಳಿರುತ್ತವೆ. ಬೇರೆ ಬೇರೆ ಗಿಡದಿಂದ ಸಿಕ್ಕಿದ್ದಕ್ಕೆಲ್ಲ ಒಂದೊಂದು ಹೆಸರಿಟ್ಟು ವಿಜ್ಞಾನಿಗಳೇ ಗೊಂದಲ ಮಾಡಿಕೊಂಡಿದ್ದರು. ಅವುಗಳಲ್ಲಿ ಎಷ್ಟೋ ಒಂದೇ ವಸ್ತು ಎಂದು ತೋರಿಸಿದವರು ಜರ್ಮನಿಯ ಒಟ್ಟೊ ವಾಲಾಖ್. ಟರ್ಪೀನ್ ಎಂಬ ಈ ಸುಗಂಧ ವಸ್ತುಗಳ ಮೇಲಿನ ಕೆಲಸಕ್ಕೆ 1910ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಪಿಯರ್‌ಮಿಂಟ್ ಎಂಬ ಪುದೀನ ಮತ್ತು ಶಾಹಿ ಜೀರಿಗೆಯ ವಾಸನೆ ಎಷ್ಟು ಬೇರೆ! ಎರಡರಲ್ಲೂ ಮುಖ್ಯವಾಗಿ ಇರುವುದು ಕಾರ್ವೋನ್ ಎಂಬ ಒಂದೇ ವಸ್ತು. ಅಣುವಿನ ಆಕಾರ ಮಾತ್ರ ಎಡಗೈ ಬಲಗೈ ಇದ್ದ ಹಾಗೆ ಒಂದಕ್ಕೊಂದು ಕನ್ನಡಿಬಿಂಬ.

ಒಳಗೇನಿದೆ ಎಂದು ಗೊತ್ತಾಗುತ್ತಿದ್ದ ಹಾಗೆ ಅದನ್ನು ತಯಾರಿಸುವುದೂ ಶುರುವಾಯಿತು. 1868ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಒಣಹುಲ್ಲಿನ ವಾಸನೆಯ ಕೂಮರಿನ್ ಮಾಡಿದರು. 1874ರಲ್ಲಿ ಪೈನ್ ಮರದ ವಸ್ತುವಿನಿಂದ ವೆನಿಲಾ ವಾಸನೆಯ ವೆನಿಲಿನ್ ಬಂತು. 1893ರಲ್ಲಿ ವಯೊಲೆಟ್ ಹೂವಿನ ವಾಸನೆಯ ಅಯೊನೋನ್. ಪರ್ಫ್ಯೂಮ್ ಹೀಗೆ ಕಾರ್ಖಾನೆಯ ಕಡೆ ಹೊರಳಿತು. ವೈದ್ಯರೂ ಇಡೀ ಎಣ್ಣೆ ಬಿಟ್ಟು ಬೇಕಾದ ಅಣುವನ್ನಷ್ಟೇ ಹಿಡಿದರು: ಲವಂಗದಿಂದ ದಂತವೈದ್ಯರ ಯೂಜಿನಾಲ್, ಥೈಮ್ ಎಂಬ ಪರಿಮಳದ ಗಿಡದಿಂದ ಕ್ರಿಮಿನಾಶಕ ಥೈಮಾಲ್.

ಇಡೀ ಎಣ್ಣೆಯನ್ನು ಮತ್ತೆ ಮದ್ದು ಎಂದು ಕರೆದವರಲ್ಲಿ ಮುಖ್ಯರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟ್‌ಫೊಸೆ. ಅರೋಮಾಥೆರಪಿ, ಅಂದರೆ ಸುಗಂಧ ಚಿಕಿತ್ಸೆ, ಎಂಬ ಹೆಸರಿನ ಅವರ ಪುಸ್ತಕ ಬಂದದ್ದು 1937ರಲ್ಲಿ. ಸುಟ್ಟ ಕೈಯನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಅದ್ದಿದ ಕೂಡಲೇ ವಾಸಿಯಾಯಿತು ಎಂಬ ಕಥೆ ಚೆನ್ನಾಗಿ ಓಡುತ್ತದೆ. ಅವರೇ ಬರೆದದ್ದು ಬೇರೆ: ಗಾಯ ಕೊಳೆಯತೊಡಗಿದ ಮೇಲೆ ಲ್ಯಾವೆಂಡರ್ ಬಳಸಿದರಂತೆ. ಒಬ್ಬರ ಅನುಭವ ಪರೀಕ್ಷೆಯಾಗುವುದಿಲ್ಲ, ಬಿಡಿ.

ಪರೀಕ್ಷೆಯಲ್ಲಿ ಸ್ವಲ್ಪ ನಿಂತದ್ದೂ ಇದೆ. ಕೆರಳುವ ಕರುಳಿನ ತೊಂದರೆಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಅಂಥದ್ದು. ಹಾಗೆಂದು ಗಿಡದಿಂದ ಬಂದದ್ದೆಲ್ಲ ನಿರಪಾಯ ಅನ್ನುವುದು ಶುದ್ಧ ಜಾಹೀರಾತು. ಚಿಕ್ಕ ಮಕ್ಕಳು ನೀಲಗಿರಿ ಎಣ್ಣೆಯನ್ನೋ ಕರ್ಪೂರವನ್ನೋ ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು.

ಲ್ಯಾವೆಂಡರ್‌ನಲ್ಲಿರುವ ಲಿನಲೂಲ್ ಎಂಬ ಸುಗಂಧ ವಸ್ತು ಗಾಳಿಗೆ ಒಡ್ಡಿಕೊಂಡಷ್ಟೂ ಚರ್ಮಕ್ಕೆ ಅಲರ್ಜಿ ತರುವ ವಸ್ತುವಾಗಿ ಬದಲಾಗುತ್ತದೆ. 2003ರಲ್ಲಿ ಯುರೋಪಿಯನ್ ಒಕ್ಕೂಟ ಇಂಥ 26 ಸುಗಂಧ ವಸ್ತುಗಳ ಪಟ್ಟಿ ಮಾಡಿತು. 2023ರಲ್ಲಿ ಅದು 80 ದಾಟಿತು. ಕ್ರೀಮಿನಲ್ಲಿ ಶೇಕಡಾ 0.001ಕ್ಕಿಂತ ಜಾಸ್ತಿ ಇದ್ದರೆ ಲೇಬಲ್ ಮೇಲೆ ಹೆಸರು ಬರೆಯಲೇಬೇಕು. ಆ ಲಿನಲೂಲ್ ಹೂವಿನದೋ ಕಾರ್ಖಾನೆಯದೋ ಎಂದು ನಿಯಮ ಕೇಳುವುದಿಲ್ಲ.