‘ಸೀ ಮೋರ್’ಗಿಂತ ಮೇಲಿನ ಎರಡು ಸಾಲು

ಮೊನ್ನೆ ಒಂದು ಭಜನಾ ಮಂದಿರದ ಸಮಿತಿಯವರು ನನ್ನ ಅಂಗಡಿಗೆ ಬಂದಿದ್ದರು. ವಾರ್ಷಿಕೋತ್ಸವದ ಆಮಂತ್ರಣ ಫೇಸ್‌ಬುಕ್ಕಿಗೆ ಬೇಕು, ವಾಟ್ಸಾಪಿಗೂ ಬೇಕು, ಹುಡುಗರು ನೋಡುವುದು ಇನ್‌ಸ್ಟಾಗ್ರಾಮ್ ಅಲ್ವಾ, ಅಲ್ಲಿಗೂ ಇರಲಿ ಎಂದರು. ಕೈಯಲ್ಲಿ ನಾಲ್ಕು ಪುಟ ಮ್ಯಾಟರ್. ಕುಳಿತ ಕೂಡಲೇ ಕೇಳಿದ ಪ್ರಶ್ನೆ, "ಇದರಲ್ಲಿ ಎಷ್ಟು ಹಿಡಿಸ್ಬಹುದು?"

ಈ ಪ್ರಶ್ನೆ ಕೇಳದೆ ನನಗೆ ಒಂದು ವಾರವೂ ಕಳೆಯುವುದಿಲ್ಲ. ಜವಳಿ ಅಂಗಡಿಯವರು ಕೇಳುತ್ತಾರೆ, ಕೊಳವೆ ಬಾವಿ ಕೊರೆಯುವವರು ಕೇಳುತ್ತಾರೆ, ಟ್ಯೂಷನ್ ಕ್ಲಾಸಿನವರು ಕೇಳುತ್ತಾರೆ. ನಾನು ಡಿಟಿಪಿಯಿಂದ, ಅಂದರೆ ಕಂಪ್ಯೂಟರಿನಲ್ಲಿ ಕರಪತ್ರ ಜೋಡಿಸುವ ಕೆಲಸದಿಂದ, ಈ ಪೋಸ್ಟ್ ಮಾಡಿಕೊಡುವ ಕೆಲಸಕ್ಕೆ ಬಂದವನು. ಕರಪತ್ರದ ಕಾಲದಲ್ಲಿ ಈ ಪ್ರಶ್ನೆ ಸರಿಯೇ ಇತ್ತು. ಕಾಗದಕ್ಕೆ ಅಂಚು ಇರುತ್ತದೆ, ಅದರೊಳಗೆ ಎಷ್ಟು ತುಂಬಿದರೂ ಅಷ್ಟೂ ಒಟ್ಟಿಗೇ ಕಾಣುತ್ತದೆ. ಮೊಬೈಲಿನಲ್ಲಿ ಹಾಗಿಲ್ಲ.

ಹಿಡಿಸುವ ಲೆಕ್ಕ ಬೇಕಿದ್ದರೆ ಹೇಳಿಬಿಡುತ್ತೇನೆ. ಫೇಸ್‌ಬುಕ್ ಪೋಸ್ಟಿನಲ್ಲಿ 63,206 ಅಕ್ಷರ. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ 2,200. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬರೆಯುವುದಾದರೆ 700. ಸಮಿತಿಯವರ ನಾಲ್ಕು ಪುಟ ಫೇಸ್‌ಬುಕ್ಕಿನ ಒಂದು ಮೂಲೆಗೂ ಸಾಲದು. ಆದರೆ ಇದರಲ್ಲಿ ಯಾವುದೂ ನಿಮಗೆ ಉಪಯೋಗದ ಲೆಕ್ಕವಲ್ಲ. ಬೆರಳಿನಿಂದ ಸ್ಕ್ರೀನನ್ನು ಮೇಲಕ್ಕೆ ತಳ್ಳುತ್ತಾ ಹೋಗುವವನಿಗೆ ಕಾಣುವುದು ಮೊದಲ ಎರಡು ಮೂರು ಸಾಲು ಮಾತ್ರ. ಅದರ ಕೆಳಗೆ ‘ಸೀ ಮೋರ್’. ಅದನ್ನು ಒತ್ತಿದವನಿಗೆ ಮಾತ್ರ ಉಳಿದದ್ದು. ಆ ಮೊದಲ ತುಂಡು ಸುಮಾರು 125 ಅಕ್ಷರ ಎಂದು ಇಟ್ಟುಕೊಳ್ಳಿ. ಜಾಹೀರಾತಿನ ಮುಖ್ಯ ಬರಹಕ್ಕೆ ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಯೂ ಬಹಳ ಕಾಲ ಹೇಳುತ್ತಾ ಬಂದದ್ದು ಇದೇ 125. ಇದು ಗೋಡೆಯಲ್ಲ. ಮೊಬೈಲಿನ ಅಗಲ, ಅಕ್ಷರದ ಗಾತ್ರ, ಚಿತ್ರ ಉಂಟೋ ಇಲ್ಲವೋ, ಇದನ್ನೆಲ್ಲ ಹೊಂದಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ಕಂಪನಿಯವರು ಆಗಾಗ ಬದಲಿಸುತ್ತಲೂ ಇರುತ್ತಾರೆ. ಕನ್ನಡದ ಅಕ್ಷರ ಅಗಲ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಹಾಗಾಗಿ ನಾನು 100ಕ್ಕೇ ನಿಲ್ಲಿಸಿ ಎನ್ನುತ್ತೇನೆ.

ಇನ್ನು ಎಣಿಸುವ ವಿಷಯ. ಇಲ್ಲಿ ಎಲ್ಲರೂ ತಪ್ಪುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ‘ವಾರ್ಷಿಕೋತ್ಸವ’ ಎಂಬ ಪದದಲ್ಲಿ ಎಷ್ಟು ಅಕ್ಷರ? ವಾ, ರ್ಷಿ, ಕೋ, ತ್ಸ, ವ. ಐದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಮೊಬೈಲಿಗೆ ಅದು 12. ವ ಒಂದು, ದೀರ್ಘ ಒಂದು, ರ ಒಂದು, ಅದರ ಅರ್ಧಚಿಹ್ನೆ ಒಂದು, ಷ ಒಂದು, ಗುಡಿಸು ಒಂದು, ಹೀಗೆ ಪ್ರತಿಯೊಂದು ಬಿಡಿ ಬಿಡಿಯಾಗಿ ಎಣಿಕೆಗೆ ಬರುತ್ತದೆ. ‘ಸ್ತ್ರೀ’ ಎಂದು ಬರೆದರೆ ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ 6. ‘ಕಾಸರಗೋಡು’ ನಮಗೆ 5, ಅದಕ್ಕೆ 8. ಪದಗಳ ನಡುವಿನ ಜಾಗವೂ ಲೆಕ್ಕವೇ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದರೂ ಇದೇ ಲೆಕ್ಕ. ಹಾಗಾಗಿ 125 ಎಂದರೆ 125 ಕನ್ನಡ ಅಕ್ಷರ ಎಂದು ಬೆರಳು ಮಡಚಿ ಎಣಿಸಬೇಡಿ. ಅದು ಹೆಚ್ಚೆಂದರೆ ಹದಿನಾರು, ಹದಿನೇಳು ಪದ. ದೊಡ್ಡ ಪದಗಳಾದರೆ ಹನ್ನೆರಡರಲ್ಲೇ ಮುಗಿಯಿತು.

ಈಗ ಸಮಿತಿಯವರ ಮ್ಯಾಟರ್ ಹೇಗೆ ಶುರುವಾಗಿತ್ತು ನೋಡಿ. "ಆತ್ಮೀಯ ಭಗವದ್ಭಕ್ತರೇ, ಶ್ರೀ ದೇವರ ಅನುಗ್ರಹದಿಂದ ಹಾಗೂ ಊರ ಹತ್ತು ಸಮಸ್ತರ ಸಹಕಾರದಿಂದ". ಇಷ್ಟಕ್ಕೆ 72 ಅಕ್ಷರ ಆಯಿತು. ಇನ್ನೂ ಏನು, ಎಲ್ಲಿ, ಯಾವಾಗ ಎಂಬ ಸುದ್ದಿಯೇ ಇಲ್ಲ. ಆಮೇಲೆ ತಂತ್ರಿಗಳ ಹೆಸರು, ಅಧ್ಯಕ್ಷರ ಹೆಸರು. ಯಕ್ಷಗಾನ ಯಾವತ್ತು ಎಂಬುದು ಮೂರನೇ ಪುಟದ ಕೊನೆಯಲ್ಲಿತ್ತು.

ನಾನು ಹೇಳಿದೆ, ಮೊದಲು ಇಷ್ಟೇ ಬರೆಯಿರಿ: "ಶನಿವಾರ ರಾತ್ರಿ 9ಕ್ಕೆ ಪೆರ್ಲದಲ್ಲಿ ಯಕ್ಷಗಾನ. ಊಟ 8ಕ್ಕೆ." ಒಟ್ಟು 49 ಅಕ್ಷರ. ತಾರೀಕು ಸೇರಿಸಿದರೂ 60 ದಾಟುವುದಿಲ್ಲ. ದೇವರ ಅನುಗ್ರಹ, ಹತ್ತು ಸಮಸ್ತರು, ಎಲ್ಲ ಅದರ ಕೆಳಗೆ ಬರಲಿ.

ಸಮಿತಿಯ ಹಿರಿಯರು, ನಿವೃತ್ತ ಮಾಷ್ಟ್ರು, ಒಪ್ಪಲಿಲ್ಲ. "ಹೆಸರು ಹಿಂದೆ ಹಾಕಿದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೇ. ನಾಳೆ ಅವರ ಮನೆಯ ಜಗಲಿ ಹತ್ತುವುದು ಹೇಗೆ?" ಎಂದರು. ಈ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕುವವನಲ್ಲ. ಆ ಪಟ್ಟಿಯಲ್ಲಿ 34 ಹೆಸರಿತ್ತು. ಒಬ್ಬರು ಬಾಳೆಗೊನೆ ಕೊಟ್ಟವರು, ಒಬ್ಬರು ನಾಲ್ಕು ದಿನ ರಜೆ ಹಾಕಿ ಅಂಗಳಕ್ಕೆ ಚಪ್ಪರ ಹಾಕಿದವರು. ಊರಿನ ಕೆಲಸ ನಡೆಯುವುದೇ ಹಾಗೆ. ಹೆಸರು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೆಸರಿಗೆ ಫೇಸ್‌ಬುಕ್ಕಿನಲ್ಲಿ ಬೇಕಾದಷ್ಟು ಜಾಗ ಉಂಟು, ಮೊದಲ ಎರಡು ಸಾಲನ್ನು ಮಾತ್ರ ಬರುವವರಿಗೆ ಬಿಟ್ಟುಕೊಡಿ ಎನ್ನುತ್ತೇನೆ, ಅಷ್ಟೇ. ಕೊನೆಗೆ ಹಾಗೆಯೇ ಆಯಿತು. ಮಾಷ್ಟ್ರು ನನ್ನ ಸ್ಕ್ರೀನಿನ ಮೇಲೆ ಬೆರಳಿಟ್ಟು 34 ಹೆಸರೂ ಎಣಿಸಿದರು, ಒಂದು ಹೆಸರಿನ ಕಾಗುಣಿತ ತಿದ್ದಿಸಿದರು, ಆಮೇಲೆ "ಇನ್ನು ಹಾಕಿ" ಎಂದರು.

ಅಂಗಡಿಯವರದ್ದು ಬೇರೆ ತರಹ. ಅಡಿಕೆ ಸುಲಿಯುವ ಯಂತ್ರ ಮಾರುವ ಒಬ್ಬರು ನನ್ನ ಹಳೆಯ ಗಿರಾಕಿ. ಯಂತ್ರ ಚೆನ್ನಾಗಿದೆ, ಮನುಷ್ಯ ಇನ್ನೂ ಒಳ್ಳೆಯವರು, ಕೆಟ್ಟುಹೋದರೆ ಮಳೆಯಲ್ಲೂ ಬೈಕ್ ಹತ್ತಿ ತೋಟಕ್ಕೆ ಹೋಗುತ್ತಾರೆ. ಅವರ ಜಾಹೀರಾತು ಮಾತ್ರ ಯಾವಾಗಲೂ "ಕೃಷಿಕ ಬಂಧುಗಳ ಸೇವೆಯಲ್ಲಿ ಹಲವಾರು ವರ್ಷಗಳ ಅನುಭವವುಳ್ಳ ನಮ್ಮ ಸಂಸ್ಥೆಯು" ಎಂದೇ ಶುರುವಾಗುತ್ತಿತ್ತು. ಹೆಚ್ಚು ಜನರಿಗೆ ಕಾಣಲಿ ಎಂದು ದುಡ್ಡು ಕೊಟ್ಟು ಬೂಸ್ಟ್ ಮಾಡಿಸುತ್ತಿದ್ದರು. ಕೆಳಗೆ ಬರುವ ಕಾಮೆಂಟುಗಳು ಮೂರೇ: ರೇಟೆಷ್ಟು, ಅಂಗಡಿ ಎಲ್ಲಿ, ರಿಪೇರಿಗೆ ಮನೆಗೆ ಬರ್ತೀರಾ. ಮೂರಕ್ಕೂ ಉತ್ತರ ಅದೇ ಪೋಸ್ಟಿನ ಕೆಳಭಾಗದಲ್ಲಿ ಇತ್ತು. ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ. ನಿಮ್ಮ ಹಳೆಯ ಪೋಸ್ಟುಗಳ ಕೆಳಗೆ ಜನ ಏನು ಕೇಳಿದ್ದಾರೆ ಎಂದು ಒಮ್ಮೆ ಓದಿ. ಅವರು ಪದೇ ಪದೇ ಕೇಳಿದ್ದೇ ಮುಂದಿನ ಪೋಸ್ಟಿನ ಮೊದಲ ಸಾಲು. ಆ ಯಂತ್ರದವರ ಜಾಹೀರಾತು ಈಗ "ಕೆಟ್ಟರೆ ತೋಟಕ್ಕೇ ಬಂದು ರಿಪೇರಿ" ಎಂದು ಶುರುವಾಗುತ್ತದೆ. ವ್ಯಾಪಾರ ಎಷ್ಟು ಏರಿತು ಎಂದು ನಾನು ಹೇಳಲಾರೆ, ಅಡಿಕೆಯ ಧಾರಣೆ ಏರಿದರೂ ಯಂತ್ರ ಖರ್ಚಾಗುತ್ತದೆ. ಆದರೆ ಆ ಮೂರು ಪ್ರಶ್ನೆಗಳು ಕಡಿಮೆಯಾದದ್ದಂತೂ ನಿಜ.

ಎಸ್‌ಎಂಎಸ್‌ನಲ್ಲಿ ಇದೇ ತಪ್ಪಿಗೆ ನೇರವಾಗಿ ದುಡ್ಡು ಹೋಗುತ್ತದೆ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70. ಎಪ್ಪತ್ತೊಂದನೆಯ ಅಕ್ಷರ ಬಿದ್ದ ಕೂಡಲೇ ಅದು ಎರಡು ಸಂದೇಶ, ಎರಡರ ಹಣ. ಈಗ ಎಕ್ಸ್ ಎಂದು ಕರೆಯುವ ಟ್ವಿಟರಿನಲ್ಲಿ ಮೊದಲು 140 ಇದ್ದದ್ದೂ ಈ ಎಸ್‌ಎಂಎಸ್‌ನ 160ರ ಲೆಕ್ಕದಿಂದಲೇ. 2017ರಲ್ಲಿ ಅದು 280 ಆಯಿತು. ಎಸ್‌ಎಂಎಸ್ ಮಾತ್ರ ಅಲ್ಲೇ ಉಳಿಯಿತು. ಒಂದು ಸೊಸೈಟಿಯವರು 400 ಸದಸ್ಯರಿಗೆ ಮಹಾಸಭೆಯ ಸಂದೇಶ ಕಳಿಸುತ್ತಿದ್ದರು. ಎಣಿಸಿದೆ, 78 ಅಕ್ಷರ. ಅಂದರೆ 800 ಸಂದೇಶದ ಬಿಲ್. ಆರಂಭದ "ಮಾನ್ಯ ಸದಸ್ಯರೇ," ಮತ್ತು ಅದರ ನಂತರದ ಜಾಗ ಸೇರಿ 15 ಅಕ್ಷರ. ಅದನ್ನು ತೆಗೆದರೆ 63, ಬಿಲ್ ಅರ್ಧ. ಕಾರ್ಯದರ್ಶಿ ಅಕ್ಕ ಮರ್ಯಾದೆ ಕಡಿಮೆಯಾಯಿತಾ ಎಂದು ಎರಡು ದಿನ ಯೋಚಿಸಿದರು. ಕೊನೆಯಲ್ಲಿ "ಬನ್ನಿ" ಎಂದು ಸೇರಿಸಿದೆವು. ಆಗಲೂ 70ರ ಒಳಗೇ ಇತ್ತು.

ಹಾಗೆಂದು ಗಿಡ್ಡ ಬರೆದದ್ದೆಲ್ಲ ಒಳ್ಳೆಯದು ಎಂದು ತಿಳಿಯಬೇಡಿ. ಚಿಕಿತ್ಸೆಗೆ ಸಹಾಯ ಕೇಳುವ ಪೋಸ್ಟನ್ನು ಎರಡು ಸಾಲಿಗೆ ಇಳಿಸಿದರೆ ಜನ ನಂಬುವುದಿಲ್ಲ, ಅಲ್ಲಿ ವಿವರ ಬೇಕು. ತೀರಿಹೋದ ಶಾಲಾ ಮಾಷ್ಟ್ರ ಬಗ್ಗೆ ಅವರ ಶಿಷ್ಯೆಯೊಬ್ಬರು ಬರೆದ ಉದ್ದನೆಯ ಪೋಸ್ಟನ್ನು ಊರಿಡೀ ಓದಿದ್ದನ್ನು ನೋಡಿದ್ದೇನೆ. ಮೊದಲ ಸಾಲಿನಲ್ಲೇ ಅವರು ಆ ಮಾಷ್ಟ್ರ ಕೊಡೆಯ ಮಾತನ್ನು ತಂದಿದ್ದರು. ಯಾರಾದರೂ ‘ಸೀ ಮೋರ್’ ಒತ್ತದೆ ಬಿಡುತ್ತಾರಾ?

ಕಾಸರಗೋಡಿನ ಕಡೆಯ ನಮ್ಮ ಗಡಿಯ ಊರಿಗೆ ಮಾತ್ರ ಇರುವ ಒಂದು ತೊಂದರೆ ಹೇಳಲೇಬೇಕು. ಇಲ್ಲಿ ಗಿರಾಕಿಗಳು ಮಲಯಾಳದವರೂ ಹೌದು, ಕನ್ನಡದವರೂ ಹೌದು. ಹಾಗಾಗಿ ಅಂಗಡಿಯವರು ಒಂದೇ ಪೋಸ್ಟಿನಲ್ಲಿ ಮೇಲೆ ಮಲಯಾಳ, ಕೆಳಗೆ ಕನ್ನಡ ಹಾಕಿಸುತ್ತಾರೆ. ಬೋರ್ಡಿನ ಮೇಲೆ ಇದು ಚಂದ, ಎರಡೂ ಒಟ್ಟಿಗೆ ಕಾಣುತ್ತದೆ. ಪೋಸ್ಟಿನಲ್ಲಿ ಕನ್ನಡ ಪೂರ್ತಿ ‘ಸೀ ಮೋರ್’ನ ಅಡಿಗೆ ಹೋಗುತ್ತದೆ. ಎಣ್ಮಕಜೆಯ, ಪೈವಳಿಕೆಯ, ಬೆಳ್ಳೂರಿನ ಎಷ್ಟೋ ಹಿರಿಯರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಮೊದಲ ಎರಡು ಸಾಲು ನೋಡಿ, ಇದು ನಮಗಲ್ಲ ಎಂದು ಮುಂದೆ ಹೋಗುತ್ತಾರೆ. ಕೆಳಗೆ ತಮಗಾಗಿಯೇ ಬರೆದ ಕನ್ನಡ ಇದೆ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ. ಈ ವಿಷಯದಲ್ಲಿ ನನಗೆ ಬೇಸರ ಜಾಸ್ತಿ. ದುಡ್ಡು ಕೊಟ್ಟು ಕನ್ನಡ ಬರೆಸಿ, ಕನ್ನಡದವರಿಗೇ ಕಾಣದ ಹಾಗೆ ಇಡುವುದು ಯಾಕೆ? ಎರಡು ಭಾಷೆಗೆ ಎರಡು ಪೋಸ್ಟ್ ಮಾಡಿ. ಒಂದೇ ಸಾಕು ಎಂದಾದರೆ ಮಲಯಾಳದ್ದು ಒಂದು ಸಾಲು, ಕನ್ನಡದ್ದು ಒಂದು ಸಾಲು ಮೇಲೆ ಬರಲಿ, ವಿವರ ಆಮೇಲೆ.

ಮತ್ತೆ, ದಯವಿಟ್ಟು ‘ನಾಳೆ’ ಎಂದು ಬರೆಯಬೇಡಿ. ವಾಟ್ಸಾಪಿನಲ್ಲಿ ಒಂದು ಸಂದೇಶ ನಾಲ್ಕು ದಿನ ಊರೂರು ಸುತ್ತುತ್ತದೆ. ಉಚಿತ ಕಣ್ಣಿನ ತಪಾಸಣೆ ‘ನಾಳೆ’ ಎಂದು ನಾನೇ ಮಾಡಿಕೊಟ್ಟ ಪೋಸ್ಟರ್ ನೋಡಿ, ಶಿಬಿರ ಮುಗಿದ ಮರುದಿನ ಮುಳ್ಳೇರಿಯ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಎರಡು ಬಸ್ಸು ಬದಲಿಸಿ ಬಂದಿದ್ದರು. ಪೋಸ್ಟರಿನಲ್ಲಿದ್ದ ನನ್ನ ನಂಬರಿಗೇ ಫೋನ್ ಮಾಡಿ ಕೇಳಿದರು, "ಇಲ್ಲಿ ಯಾರೂ ಇಲ್ಲ ಅಲ್ಲ ಮಗ, ಎಲ್ಲಿ ಬರ್ಬೇಕು?" ಅಂದಿನಿಂದ ತಾರೀಕು ಮತ್ತು ವಾರ ಎರಡೂ ಇಲ್ಲದ ಮ್ಯಾಟರ್ ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ಅದಕ್ಕೆ ಬೇಕಾದ ಏಳೆಂಟು ಅಕ್ಷರವನ್ನು ‘ಆತ್ಮೀಯ’ರಿಂದ ತೆಗೆದುಕೊಳ್ಳುತ್ತೇನೆ.